ಇಪ್ಪತ್ತನಾಲ್ಕು ತಾಸು

"ಎರಡು ಡಬ್ಬಿ. ಒಂದರಾಗ ರಾಳ, ಒಂದರಾಗ ಗಟ್ಟಿ ಮಾಡೋ ದ್ರಾವಣ.
ಬ್ಯಾರೆ ಬ್ಯಾರೆ ಇದ್ರ ವರ್ಷಗಟ್ಟಲೆ ಹಂಗೇ ಇರ್ತಾವ.
ಕೂಡಿದವು ಅಂದ್ರ ಮುಕ್ಕಾಲು ತಾಸು, ಆಮ್ಯಾಲೆ
ಉಳಿ ತಂದ್ರೂ ಬಿಡಂಗಿಲ್ಲ," ಅಂದ ಪೇಂಟಂಗಡಿ ದಸ್ತಗೀರ.
"ನಮ್ಮ ಬಳ್ಳಾರಿ ಬಿಸಿಲಿಗೆ ಅರ್ಧ ತಾಸು ಅನ್ನಕ್ಕ.
ಮುಂಜಾನೆ ಆರಕ್ಕೇ ಸುರು ಹಚ್ಕೋ."

ಕೌಲ್ ಬಜಾರಿನ ಈ ಮನೆಗೆ ಮಹಡಿಯಲ್ಲಿ ಹಲಗೆ ನೆಲ.
ಗೂಡ್ಸ್ ಶೆಡ್ಡಿನ ಹರಾಜಿನಲ್ಲಿ ಮಾವ ಹಿಡಿದು ತಂದದ್ದು;
ಒಂದರ ಮೇಲೆ ಇನ್ನೂ ಅಳಿಸದ ಅಂಕಿ, ನಾಲ್ಕು, ಏಳು,
ಆಮೇಲೆ ಅರ್ಧ ಸೊನ್ನೆ.
ಪಾಲಾದಾಗ ನೆಲ ನಮಗೆ ಬಂತು.
ಅದೇ ಹಲಗೆಯ ಕೆಳಮೈ ವಾರಗಿತ್ತಿ ಪಂಪಕ್ಕನಿಗೆ, ಅವಳ ಸೂರು.
ನಡುವಿನ ಬಿರುಕು ಯಾರ ಪಾಲಿಗೆ ಅಂತ
ಕಾಗದದಲ್ಲಿ ಬರೆಯಲಿಲ್ಲ ಯಾರೂ.

ಹನ್ನೊಂದು ವರ್ಷ ಇಲ್ಲೇ ಜೀನ್ಸ್ ಹೊಲಿದೆ.
ಮಿಷನ್ನಿನ ಕಾಲು ನಾಲ್ಕು ಕಡೆ ಬಟ್ಟಲು ತೋಡಿತು,
ಪೆಡಲಿನ ಮುಂದೆ ನನ್ನ ಹಿಮ್ಮಡಿಯ ಸವಕಲು,
ಬಟ್ಟೆಯ ನೀಲಿ ಇಳಿದು ಕಟ್ಟಿಗೆಯ ನಾರಿಗೆ ಕೂತಿತು.
ತಾಮ್ರದ ಗುಂಡಿ, ರಿವೆಟ್ಟು, ಮುರಿದ ಸೂಜಿ
ಬಿರುಕಿನಿಂದ ಎಷ್ಟು ಜಾರಿದವೋ ಪಂಪಕ್ಕನ ಜೋಳದ ಹಿಟ್ಟಿಗೆ.
ಮಾತು ಬಿಟ್ಟ ಮೇಲೂ ಅವಳು ಅವನ್ನು ಆರಿಸಿ
ಕ್ಯಾಲೆಂಡರಿನ ಹಾಳೆಯಲ್ಲಿ ಕಟ್ಟಿ
ಮೂರನೇ ಮೆಟ್ಟಿಲ ಮೇಲೆ ಇಡುತ್ತಿದ್ದಳು.

(ಮಾತು ಬಿಟ್ಟದ್ದು ಮೋಟರಿನ ಕರೆಂಟ್ ಬಿಲ್ಲಿಗೆ.
ಮುನ್ನೂರ ಎಂಬತ್ತು ರೂಪಾಯಿ.)

ಕೆಳಗಿನಿಂದ ಬರುತ್ತಿದ್ದದ್ದು ಬೇರೆ:
ಒಗ್ಗರಣೆಯ ಘಾಟು,
ರಾತ್ರಿ ನನ್ನ ಜಂತಿಗೆ ಅವಳ ಟ್ಯೂಬ್‌ಲೈಟಿನ ಬಿಳಿ ಗೆರೆ,
ಅವಳ ಮಗಳು ಮಗ್ಗಿ ಒಪ್ಪಿಸುವ ದನಿ.
ಹದಿಮೂರರಲ್ಲಿ ಹುಡುಗಿ ದಿನಾ ಒಂದೇ ಕಡೆ ಎಡವುತ್ತಿತ್ತು.
ನಾಲಗೆ ತುದಿಗೆ ಬಂದದ್ದನ್ನು ನುಂಗಿ
ನಾನು ಮಿಷನ್ ತುಳಿಯುತ್ತಿದ್ದೆ.

ಈಗ ಶಾಲೆಯ ಬಿಳಿ ಅಂಗಿಗಳ ಆರ್ಡರು.
ಜಾರಿ ಬಿದ್ದ ತೋಳು ನೀಲಿ ಹಿಡಿದು ಏಳುತ್ತದೆ.
ಸಿಬಿರು ಹೊಕ್ಕ ಅಂಗಾಲು ಹೋದ ತಿಂಗಳು ಕೀವಾಯಿತು.

ಎರಡು ದಿನ ಉಜ್ಜಿದೆ, ಮೂಗಿಗೆ ಸೆರಗು ಕಟ್ಟಿ.
ನನ್ನ ಹಿಮ್ಮಡಿಯ ಹಳ್ಳದ ಅಂಚೇ ಹುಡಿಯಾಗಿ ಎದ್ದಿತು.
ಅದನ್ನೇ ರಾಳದಲ್ಲಿ ಕಲಸಿ ಬಿರುಕಿಗೆ ತುಂಬಿದೆ,
ರೊಟ್ಟಿಯ ಅಂಚು ಒತ್ತಿದ ಹಾಗೆ, ಹೆಬ್ಬೆರಳಿನಿಂದ.
ಮೊದಲು ಘಾಟು ನಿಂತಿತು. ಆಮೇಲೆ ಬೆಳಕು.
ಕೊನೆಯ ಬಿರುಕಿಗೆ ಬಂದಾಗ ಕೆಳಗೆ
ಹುಡುಗಿ ಹನ್ನೆರಡರ ಮಗ್ಗಿಯಲ್ಲಿತ್ತು.
ಸ್ವಲ್ಪ ಹೊತ್ತು ಕೈ ನಿಲ್ಲಿಸಿದೆ.
ಕಲಸಿದ್ದು ಬಟ್ಟಲಲ್ಲಿ ಬಿಸಿಯೇರುತ್ತಿತ್ತು.
ತುಂಬಿದೆ.

ಮಾರನೇ ದಿನ ಬೂದಿ ಬಣ್ಣ, ಇದ್ದುದರಲ್ಲಿ ಅಗ್ಗದ್ದು.
ಬೀದಿ ಕಿಟಕಿಯಿಂದ ರೋಲರ್ ಎಳೆಯುತ್ತ
ಹಿಂದೆ ಹಿಂದೆ ಸರಿದು ಮೆಟ್ಟಿಲಿಗೆ ಬಂದೆ.
ಅಲ್ಲಿ ಹೊಳೆಯಿತು.
ಗಂಡ ತೋರಣಗಲ್ಲಿನಲ್ಲಿ ರಾತ್ರಿ ಪಾಳಿ.
ಚಾಪೆ, ಚಪ್ಪಲಿ, ಒಲೆ ಎಲ್ಲಾ ಆ ಕಡೆ.
ಇಪ್ಪತ್ತನಾಲ್ಕು ತಾಸು ಕಾಲಿಡಬಾರದು.

ನಾಲ್ಕನೇ ಮೆಟ್ಟಿಲಲ್ಲಿ ಕೂತೆ. ಸಂಜೆಯಾಯಿತು.
ಮೂರನೇ ಮೆಟ್ಟಿಲಿಗೆ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಬಂತು,
ಮೇಲೆ ಗಟ್ಟಿಯಾದ ರಾಳದ ಒಂದು ಹನಿ.
"ಉಗುರು ಹಾಕಿದ್ರೂ ಬರವಲ್ದು," ಅಂದಳು ಪಂಪಕ್ಕ.
"ಬರಂಗಿಲ್ಲ ಅದು," ಅಂದೆ.
ಎರಡು ವರ್ಷದ ಮೇಲೆ ನಾನು ಆಡಿದ ಮಾತು.
"ಇಲ್ಲೇ ಎಷ್ಟೊತ್ತು ಕುಂದುರ್ತಿ. ಬಾ, ರೊಟ್ಟಿ ಆರ್ತಾವ."

ರಾತ್ರಿ ಅವಳ ಚಾಪೆಯಲ್ಲಿ ಅಂಗಾತ ಮಲಗಿ
ನನ್ನ ನೆಲವನ್ನು ಕೆಳಗಿನಿಂದ ನೋಡಿದೆ.
ಒಲೆಯ ಮಸಿ. ಬಿರುಕಿನುದ್ದಕ್ಕೂ
ಬೀಳಲು ಹೊರಟು ನಿಂತ ಹನಿಗಳು.
"ಇನ್ನ ನಿನ್ನ ಸೂಜಿ ಬೀಳಂಗಿಲ್ಲ," ಅಂದಳು.
ದೂರಿದಳೋ, ಸಮಾಧಾನವೋ ತಿಳಿಯಲಿಲ್ಲ.
ಮೂಲೆಯಲ್ಲಿ ಹುಡುಗಿ, ಹದಿಮೂರೇಳು, ಹದಿಮೂರೇಳು...
"ತೊಂಬತ್ತೊಂದು," ಅಂದೆ.
ಹುಡುಗಿ ತಿರುಗಿ ನೋಡಿ ಮುಂದೆ ಹೋಯಿತು.

ಬಿಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ.
ಪಂಪಕ್ಕ ಲೈಟ್ ಆರಿಸಿದಳು.
ಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ,
ನೆಲ ಇನ್ನೂ ಹಸಿಯಿತ್ತು.