ಆರ್.ಸಿ. ಬದಲಾದ ಮೇಲೆ

ಹೆಸರು ಬದಲಾಯಿತು, ವಿಮೆ ಬದಲಾಯಿತು,
ಎರಡನೆಯ ಬೀಗದ ಕೈಯನ್ನೂ
ಕರವಸ್ತ್ರದಲ್ಲಿ ಒರೆಸಿ ಕೊಟ್ಟೆ.
ಮುಬಾರಕ್ ಪಾಷಾ ಎಣಿಸಿದ ನೋಟನ್ನು ಮತ್ತೆ ಎಣಿಸಿದೆ.
ಖಜಾನೆಯಲ್ಲಿ ಮೂವತ್ತೊಂದು ವರ್ಷ; ಚಟ.
ಕಾರು ಪೆನ್ಷನ್ ಮೊಹಲ್ಲಾ ಕಡೆ ತಿರುಗಿತು.

ಮಾರನೆಯ ನಸುಕು ನಾಲ್ಕು ಐವತ್ತಕ್ಕೆ
ದಿಂಬಿನಡಿ ಫೋನು ಮಿಸುಕಿತು:
ನಿಮ್ಮ ವಾಹನ ಚಾಲೂ ಆಗಿದೆ.

ನಿಮ್ಮ!
ಅದರ ಹೊಟ್ಟೆಯೊಳಗೊಂದು ಸಿಮ್ಮು ಇತ್ತಲ್ಲ,
ಅದಕ್ಕೆ ಯಾರೂ ಹೇಳಿರಲಿಲ್ಲ.

ನಾಳೆ ಅಳಿಸಿದರಾಯಿತೆಂದು ನೋಡುತ್ತ ಕೂತೆ.
ನೀಲಿ ಚುಕ್ಕಿ ಆಲೂರು ದಾಟಿತು,
ಬಾಳ್ಳುಪೇಟೆಯಲ್ಲಿ ಆರು ನಿಮಿಷ,
ಸಕಲೇಶಪುರದಲ್ಲಿ ಹನ್ನೊಂದು.
ಬನ್ನು ಇಳಿಸುತ್ತಿದ್ದಾರೆ, ಬೆಣ್ಣೆ ಬಿಸ್ಕತ್ತು.
ದೋಣಿಗಾಲ್ ಆಚೆ, ಘಾಟಿಯಲ್ಲಿ, ಚುಕ್ಕಿಯಿಲ್ಲ.
ಅದು ಮತ್ತೆ ಹುಟ್ಟುವ ತನಕ
ನನ್ನ ಕಾಫಿ ಕೆನೆಗಟ್ಟುತ್ತದೆ.

ನನ್ನ ಬಳಿ ಐದು ವರ್ಷ ಇದ್ದು ಅದು ಕಂಡದ್ದು
ಡೈರಿ ಸರ್ಕಲ್ಲು, ತರಕಾರಿ, ಎರಡು ಮದುವೆ.

ಬೇಡದ್ದೂ ತಿಳಿಯಿತು. ಗುರುವಾರ ಮಧ್ಯಾಹ್ನ
ಆಸ್ಪತ್ರೆಯ ಹಿಂಗೇಟಿನಲ್ಲಿ ನಾಲ್ಕು ಗಂಟೆ.
ಪ್ರತಿ ಗುರುವಾರ. ಯಾರಿಗೆ, ಏನು,
ಚುಕ್ಕಿ ಹೇಳುವುದಿಲ್ಲ.
ಆಮೇಲೊಂದು ವಾರ ಹೋಗಲಿಲ್ಲ;
ಬನ್ನಿಗೂ ಹೋಗಲಿಲ್ಲ.

ರಾತ್ರಿ ಹನ್ನೊಂದಕ್ಕೆ ಮಾತ್ರ ತಪ್ಪದೆ:
ಬಾಗಿಲು ಲಾಕ್ ಆಗಿಲ್ಲ.
ಮರೆಯುತ್ತಾರೆ, ಪಾಪ.
ಹೇಮಾವತಿ ನಗರದ ಹಾಸಿಗೆಯಿಂದ
ಹೆಬ್ಬೆರಳಲ್ಲಿ ಒತ್ತುತ್ತೇನೆ.
ಅಲ್ಲೆಲ್ಲೋ ಗಲ್ಲಿಯಲ್ಲಿ ಟಕ್ ಅಂದಿರಬೇಕು.

ಕಟ್ಟಿನಕೆರೆ ಸಂತೆಯಲ್ಲಿ ಸಿಕ್ಕರು, ಇಳಿದುಹೋಗಿದ್ದರು.
‘ಬಲೇ ಜಾಣ ಕಾರು ಸಾರ್,
ನಾನು ಮರೆತರೂ ತಾನೇ ಬೀಗ ಹಾಕ್ಕೊಳುತ್ತೆ.’
ಮನೆಯಲ್ಲಿ ಎಲ್ಲ ಹೇಗಿದ್ದಾರೆ
ಅನ್ನುವಷ್ಟು ಸಣ್ಣ ಮಾತೂ ಗಂಟಲಲ್ಲಿ ಸಿಕ್ಕಿಕೊಂಡಿತು.
ಕಳ್ಳನಿಗೆ ಕುಶಲ ಕೇಳುವ ಮುಖವೆಲ್ಲಿ?

ಅಳಿಸಿದೆ.
ಖಚಿತವೇ? ಅಂತ ಎರಡು ಸಲ ಕೇಳಿತು,
ನಾನು ಖಜಾನೆಯ ಬೀಗ ಎಳೆದು ನೋಡುತ್ತಿದ್ದ ಹಾಗೆ.

ಹನ್ನೊಂದಾಯಿತು. ಫೋನು ಸುಮ್ಮನಿತ್ತು.
ಚಪ್ಪಲಿ ಮೆಟ್ಟಿ ಹೊರಟೆ; ನಡೆದೇ ಹೋದೆ.
ಮಸೀದಿಯ ಪಕ್ಕದ ಗಲ್ಲಿ, ಮೂರನೆಯ ಕಂಬ,
ನಕ್ಷೆಯಲ್ಲಿ ಎಷ್ಟು ಸಲ ನೋಡಿದ್ದೇನೆ.
ಹಿಡಿ ಎಳೆದೆ. ತೆರೆಯಿತು.
ಬನ್ನಿನ ವಾಸನೆ. ಎಡಗಡೆ ಸೀಟು
ಮಲಗುವಷ್ಟು ಹಿಂದಕ್ಕೆ ಬಾಗಿಸಿದ್ದು ಹಾಗೇ ಇದೆ,
ಮೇಲೊಂದು ಮಡಿಸಿದ ಶಾಲು.

ನಾಯಿ ಬೊಗಳಿತು. ಕಿಟಕಿಯಲ್ಲಿ ದೀಪ.
‘ಯಾರದು?’

‘ನಾನು,’ ಅಂದೆ. ‘ಕಾರು ಮಾರಿದವನು.
ಬೀಗ ಹಾಕೋದು ಮರೆತಿದ್ದೀರಿ.’