ಚಿಮಟ

ಪೀಣ್ಯ, ಹತ್ತನೇ ಅಡ್ಡರಸ್ತೆ, ಎರಡನೇ ಮಹಡಿ.
ಕೆಳಗೆ ಲೇತು ತಿರುಗಿದಾಗೆಲ್ಲ
ನನ್ನ ಮೇಜಿನ ಟೀ ಸುಕ್ಕುಗಟ್ಟುತ್ತದೆ.
ಐದು ಬೋರ್ಡು ಬಂದಿವೆ, ಹಸಿರು, ಬೆಂಕಿಪೊಟ್ಟಣದಷ್ಟು;
ನಗರ್ತಪೇಟೆಯಲ್ಲಿ ಬೆಳ್ಳಿ ತೂಗುವ ತಕ್ಕಡಿಗೆ
ಸೋಮವಾರದೊಳಗೆ ಇವು ಮಿದುಳಾಗಬೇಕು.

ಡಿಬಗ್ಗರು ಎಸ್.ಪಿ. ರಸ್ತೆಯದು.
ಅಸಲಿಯಾ ಎಂದರೆ ಅಂಗಡಿಯವ
"ಕೆಲಸ ಮಾಡತ್ತೆ ಮೇಡಂ" ಅಂದ.
ಕೇಳಿದ್ದು ಅದಲ್ಲ, ಆದರೂ ಕೊಂಡೆ.

ಮೊದಲು ಕಪ್ಪು ತಂತಿ, ಗ್ರೌಂಡು.
ಸೊನ್ನೆ ಎಲ್ಲಿದೆ ಎಂದು ಇಬ್ಬರೂ ಒಪ್ಪದೆ
ಮೂರು ಎಂದರೆ ಏನರ್ಥ?
ಆಮೇಲೆ ಕೆಂಪು. ಇದು ಕರೆಂಟು ಕೊಡುವುದಿಲ್ಲ,
ನಿನ್ನ ಮಟ್ಟ ಎಷ್ಟು ಎಂದು ಕೇಳುತ್ತದೆ, ಅಷ್ಟೆ,
ಕೇಳಿ, ತನ್ನ ದನಿಯನ್ನು ಅಷ್ಟಕ್ಕೇ ಇಳಿಸಿಕೊಳ್ಳುತ್ತದೆ.
ನನ್ನ ಹಳೆಯ ಮ್ಯಾನೇಜರಿಗೆ ಈ ತಂತಿ ಇರಲಿಲ್ಲ.
ಹಳದಿಯದು ತಾಳ.
ನೀಲಿಯದು ಮಾತು, ಹೋಗುವುದೂ ಬರುವುದೂ ಅದೊಂದರಲ್ಲೇ;
ಒಬ್ಬರು ಆಡುವಾಗ ಇನ್ನೊಬ್ಬರು ಬಾಯಿ ಮುಚ್ಚಿರಬೇಕು.

ಕನೆಕ್ಟರಿಗೆ ಜಾಗವಿಲ್ಲ ಎಂದಿದ್ದ ಯತಿರಾಜು,
ಸಾಸಿವೆಯಷ್ಟು ತಾಮ್ರದ ಚುಕ್ಕೆ ಇಟ್ಟು ಕೈತೊಳೆದುಕೊಂಡಿದ್ದ.
ತಾಜುನ್ನಿಸಾ ಮೈಕ್ರೋಸ್ಕೋಪಿಗೆ ಬಾಗಿ
ಕೂದಲಿನಂಥ ತಂತಿಗಳನ್ನು ಬೆಸೆದಳು, ಉಸಿರು ಹಿಡಿದು.
ರಾಳದ ಹೊಗೆ ಅವಳ ದುಪಟ್ಟಾ ಹೊಕ್ಕಿತು.

ಮೊದಲ ಸಲಕ್ಕೇ ಸಿಕ್ಕಿತು ಚಿಪ್ಪು.
ಪ್ರೋಗ್ರಾಮು ಇಳಿಸಿದೆ, ದೀಪ ಮಿನುಗಿತು,
ಇಬ್ಬರೂ ಚಪ್ಪಾಳೆ ತಟ್ಟಿದೆವು.
ಆಮೇಲೆ ಎಷ್ಟು ಕರೆದರೂ ಓಗೊಡಲಿಲ್ಲ.
ಟಾರ್ಗೆಟ್ ಇಲ್ಲ, ಎಂದಿತು ಪರದೆ,
ದೀಪ ಮಾತ್ರ ನನ್ನೆದುರೇ ಮಿನುಗುತ್ತಿತ್ತು.

ತಂತಿಯ ಮೇಲೆ ಅನುಮಾನಪಟ್ಟೆ. ಬೆಸುಗೆಯ ಮೇಲೆ,
ಅಂಗಡಿಯವನ ಮೇಲೆ, ಯತಿರಾಜುವಿನ ಮೇಲೆ.
ಮೀಟರು ಹಿಡಿದಲ್ಲೆಲ್ಲ ಪೀಂ ಪೀಂ, ಎಲ್ಲ ಸರಿ ಇದೆ ಅಂತು.
ಎರಡನೇ ಬೋರ್ಡು: ಅದೇ ಮಿನುಗು, ಅದೇ ಕಿವುಡು.
ಏಳೂವರೆಗೆ ನನ್ನದೇ ಕೋಡು ತೆಗೆದು ಓದಿದೆ.
ಮೂವತ್ತೊಂದನೇ ಸಾಲು:
ಪೋರ್ಟಿನ ಕಾಲೆಲ್ಲ ಔಟ್‌ಪುಟ್ ಆಗಲಿ.
ಎಲ್ಲ ಎಂದರೆ ಎಲ್ಲ, ನೀಲಿ ತಂತಿಯ ಕಾಲೂ.
ಕಣ್ಣು ಬಿಟ್ಟ ಕೂಡಲೇ ಕಿವಿ ಮುಚ್ಚಿಕೋ ಎಂದು
ಅದಕ್ಕೆ ಕಲಿಸಿದವಳು ನಾನು.

ಇನ್ನು ಒಂದೇ ದಾರಿ,
ಏಳುವ ಮೊದಲೇ ಹಿಡಿಯಬೇಕು.
ರೀಸೆಟ್ ಒತ್ತಿ ಮಲಗಿಸಿ, ಬಿಟ್ಟ ಗಳಿಗೆಯಲ್ಲಿ
ಮೂವತ್ತೊಂದನೇ ಸಾಲು ತಲುಪದಂತೆ.
ಎರಡು ರೂಪಾಯಿ ಉಳಿಯಲಿ ಎಂದು ಮಾಲೀಕರು
ರೀಸೆಟ್ ಬಟನ್ನು ತೆಗೆಸಿದ್ದರು.

ತಾಜುನ್ನಿಸಾ ಚಿಮಟ ತಗೊಂಡಳು.
ಒಂದು ಮೊನೆ ರೀಸೆಟ್ ಚುಕ್ಕೆಗೆ, ಇನ್ನೊಂದು ಗ್ರೌಂಡಿಗೆ.
"ಬಿಡು ಅಂದಾಗ ಬಿಡು."
ಬಿಡು. ಬೇಗ ಆಯಿತು.
ಬಿಡು. ತಡ.
ಬಿಡು. ಮೆಟ್ರೋ ಹಾದುಹೋಯಿತು, ಅವಳ ಕೈ ಅದುರಿತು.
"ಅಕ್ಕ, ನೀವು ಬಿಡು ಅನ್ನಬೇಡಿ.
ಅನ್ನೋ ಹೊತ್ತಿಗೆ ಅದು ಎದ್ದಿರತ್ತೆ.
ನಿಮ್ಮ ಮೌಸು ಟಿಕ್ ಅಂದ್ರೆ ನನಗೆ ಕೇಳತ್ತೆ.
ಲೇತು ಒಂದು ನಿಲ್ಲಬೇಕು."

ಕಿಟಕಿಯಿಂದ ಕೂಗಿದೆ.
ಗಂಗಹನುಮಯ್ಯ ಏನೋ ಬೈದು, ಸ್ವಿಚ್ಚು ಕೆಳಗಿಳಿಸಿದರು.
ಟೀ ನಯವಾಯಿತು.
ಎಂಟು ತಿಂಗಳಲ್ಲಿ ಮೊದಲ ಸಲ
ಆ ಕಟ್ಟಡ ಸುಮ್ಮನಿದ್ದುದು ಕೇಳಿದೆ,
ಟ್ಯೂಬ್‌ಲೈಟಿನ ಗುಂಯ್, ತಾಜುನ್ನಿಸಾ ಉಗುಳು ನುಂಗಿದ ಸದ್ದು.

ಟಿಕ್.

ಪರದೆಗೆ ಬಂತು ಉದ್ದನೆಯ ಸಂಖ್ಯೆ,
ಚಿಪ್ಪು ತನ್ನ ಹೆಸರು ಹೇಳುವ ರೀತಿ ಅದು.
ಮೊದಲನೇ ಸಾಲಿನ ಹೊಸ್ತಿಲಲ್ಲಿ ನಿಂತಿತ್ತು,
ಇನ್ನೂ ಏನೂ ತಪ್ಪು ಮಾಡದೆ.
ನಾನು ಬರೆದದ್ದನ್ನೆಲ್ಲ ಅಳಿಸಿದೆ,
ಕ್ಷಮೆ ಕೇಳಲು ಅಲ್ಲಿ ಯಾವ ಆಜ್ಞೆಯೂ ಇರಲಿಲ್ಲ.
ತಾಜುನ್ನಿಸಾ ಬೆರಳು ಮಡಚಿ ಬಿಡಿಸಿದಳು,
ತುದಿಯಲ್ಲಿ ಚಿಮಟದ ಎರಡು ಗೀರು.

"ಹಾಕ್ಲಾ?" ಕೆಳಗಿನಿಂದ ಗಂಗಹನುಮಯ್ಯ.

"ತಡೀರಿ," ಅಂದಳು ಅವಳು,
"ಇನ್ನೊಂದು ಬಾಕಿ ಇದೆ."