ನೆಲಕ್ಕೆ ತಿಳಿಯದ ಹಾಗೆ

ಹಳೆಯ ಮನೆಯಲ್ಲಿ ಬಟಾಣಿ ಕಾಳು ಕೈಜಾರಿದರೆ
ಹುಡುಕುವ ಗೋಜಿರಲಿಲ್ಲ,
ನೆಟ್ಟಗೆ ಒಲೆಯ ಮೂಲೆಗೇ ಹೋಗಿ ನಿಲ್ಲುತ್ತಿತ್ತು.
ಮಗಳು ಕ್ಯುನ್ನೆಯ್‌ಗೆ ಅದೊಂದು ಆಟ.
ನಾನು ಸಾರಿನ ಬಟ್ಟಲಿನ ಒಂದು ಬದಿಗೆ
ಹಳೇ ಪತ್ರಿಕೆ ಮಡಿಸಿ ಕೊಡುತ್ತಿದ್ದೆ.

ಅವಸರದ ಮನೆ ಅದು. ಜೂನಿನಲ್ಲಿ ಮದುವೆ,
ಸೆಪ್ಟೆಂಬರಿಗೆ ಒಕ್ಕಲು;
ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿ ನೋಡಿದವರು ನಾವು.
ಬರಿನೆಲದ ಮೇಲೆ ದಿಮ್ಮಿ, ದಿಮ್ಮಿಯ ಮೇಲೆ ದಿಮ್ಮಿ,
ಮೂಲೆಯಲ್ಲಿ ಇಟ್ಟಿಗೆಯ ಒಲೆ, ಹಗಲೂ ರಾತ್ರಿ ಬೆಂಕಿ.
ನಮ್ಮ ಬಿಸಿ ಮೆಲ್ಲಗೆ ಕೆಳಗಿಳಿದು
ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿ ಮಲಗಿದ್ದ ಮಣ್ಣನ್ನು
ಮಾತಾಡಿಸಿತು.
ಕರಗಿತು ಪಾಪ.
ಅಷ್ಟು ಹತ್ತಿರ ಕೂತು ಮಾತಾಡಿಸಿದರೆ ಯಾರು ಕರಗುವುದಿಲ್ಲ?

ಈ ಸಲ ಮೊದಲು ಕರೆದದ್ದು ಉಯ್‌ಬಾನ್ ಮುದುಕನನ್ನು.
ನಕ್ಷೆ ಬಿಚ್ಚಲು ಹೋದ ಅಯ್ತಾಲನ ಕೈ ಸರಿಸಿ
ಅರ್ಧ ದಿನ ಸುಮ್ಮನೆ ಜಾಗದಲ್ಲಿ ಅಡ್ಡಾಡಿದ:
ಹುಲ್ಲು ಎಲ್ಲಿ ಹೆಚ್ಚು ಹಸಿರು,
ಯಾವ ಲಾರ್ಚ್ ಮರ ಕುಡಿದವನಂತೆ ವಾಲಿದೆ,
ಕುದುರೆಯ ಗೊರಸಿನ ಗುಳಿಯಲ್ಲಿ ಎಲ್ಲಿ ನೀರು ಇನ್ನೂ ನಿಂತಿದೆ.
ಸಂಜೆ ಹಾಲಿನ ಚಹಾ ಊದಿ ಕುಡಿಯುತ್ತ ಅಂದ,
"ಮೇಲೊಂದು ಮನೆ ಇದೆ ಅಂತ
ನೆಲಕ್ಕೆ ಗೊತ್ತೇ ಆಗಬಾರದು.
ಶಾಸ್ತ್ರ ಇಷ್ಟೇ."

ಹಾಗಾಗಿ ಎರಡು ವರ್ಷ.

ಮಾರ್ಚಿನಲ್ಲಿ, ಮರಕ್ಕೆ ರಸ ಏರುವ ಮುನ್ನ, ದಿಮ್ಮಿ ಕಡಿದು
ಸಿಪ್ಪೆ ಸುಲಿದು, ಅಡ್ಡಕೋಲಿನ ಮೇಲೆ ಪೇರಿಸಿ
ಗಾಳಿಗೆ ಬಿಟ್ಟು ಮರೆಯುವುದು.
ಮರೆಯುವುದೂ ಒಂದು ಕೆಲಸವೆಂದು ನನಗೆ ಗೊತ್ತಿರಲಿಲ್ಲ.
ಆಗಸ್ಟಿನಲ್ಲಿ ಸೊಳ್ಳೆಗಳಿಗೆ ಮೈಕೊಟ್ಟು
ಜೌಗಿನಿಂದ ಹಾವಸೆ ಕಿತ್ತು, ಬೇಲಿಯ ಮೇಲೆ ಹರವಿ,
ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗದ ತನಕ ಒಣಗಿಸಿ
ಹದಿನೇಳು ಚೀಲ ತುಂಬಿದೆ.
ಅತ್ತೆ ಎಣಿಸಿದರು. ಮೂವತ್ತು ಬೇಕು ಅಂದರು.
ಜನವರಿಯಲ್ಲಿ ಯಾವ ಬಿರುಕು ಶಿಳ್ಳೆ ಹಾಕುತ್ತದೆಂದು
ಅವರ ಮೊಣಕಾಲಿಗೆ ಗೊತ್ತು.
ನಾನು ಮತ್ತೆ ಜೌಗಿಗೆ ಹೋದೆ.

ಹಣಕ್ಕೊಂದು ಬಿಸ್ಕತ್ತಿನ ಡಬ್ಬಿ,
ಡಬ್ಬಿಯಲ್ಲೊಂದು ಪುಸ್ತಕ, ನನ್ನ ಕೈಬರಹ:
ಮೊಳೆ, ತಗಡು, ಮೂರು ಪದರದ ಗಾಜು,
ಕೊರೆಯುವವನಿಗೆ, ಕೊರೆಯುವವನ ಊಟಕ್ಕೆ,
ಕೊನೆಗೆ 'ಮರೆತದ್ದಕ್ಕೆ'.
ಎಲ್ಲಕ್ಕಿಂತ ದೊಡ್ಡ ಮೊತ್ತ ಅದಕ್ಕೇ.
ಅಯ್ತಾಲ್ ನಕ್ಕ.
ಆಮೇಲೆ ಲಾರಿಯ ಅಚ್ಚು ಮುರಿಯಿತು,
ಲೇನಾ ನದಿಯ ಹಿಮದಾರಿ ಹತ್ತು ದಿನ ಮೊದಲೇ ಮುಚ್ಚಿ
ಗಾಜೆಲ್ಲ ಆಚೆ ದಡದಲ್ಲಿ ಬೇಸಿಗೆ ಕಳೆಯಿತು, ಬಾಡಿಗೆ ಕೊಟ್ಟು.
ಆ ಒಂದು ಸಾಲು ನಮ್ಮನ್ನು ಸಾಲದಿಂದ ಕಾಯಿತು.

ನವೆಂಬರಿನಲ್ಲಿ ಕುಳಿ ಕೊರೆದರು, ಐದು ಮೀಟರ್ ಆಳ.
ಇಪ್ಪತ್ತೆರಡು ಕಂಬ ಇಳಿಸಿ, ಸುತ್ತ ಕೆಸರು ಸುರಿದು,
ಉಯ್‌ಬಾನ್ ಕೈಗವಸು ಕೊಡವಿ ಹೊರಟ.
"ಇನ್ನು ಚಳಿಯ ಕೆಲಸ. ನೀವು ಕೈ ಹಾಕಬೇಡಿ."

ಇಡೀ ಚಳಿಗಾಲ ಹಿಮದಲ್ಲಿ ಬರಿಯ ಕಂಬಗಳು.
ದಾರಿಹೋಕರಿಗೆ ನಗು:
ಇಷ್ಟೊಂದು ಗೂಟ ನೆಟ್ಟಿದ್ದೀರಿ, ಕುದುರೆಗಳೆಲ್ಲಿ?
ನಾವು ಅತ್ತೆಯ ಮನೆಯ ಒಂದು ಕೋಣೆಯಲ್ಲಿ
ನಾಲ್ಕು ಜನ, ಮೂವತ್ತು ಚೀಲ ಹಾವಸೆ.
ಒಂದು ಭಾನುವಾರ ಕ್ಯುನ್ನೆಯ್
ಎರಡು ಕಂಬಗಳ ಮೇಲೆ ಹಲಗೆ ಹಾಯಿಸಿ
ಜೇಬಿನಿಂದ ಬಟಾಣಿ ತೆಗೆದಿಟ್ಟಳು.
ಉರುಳಿತು.
ಅಯ್ತಾಲನ ಮುಖ ಬಿಳಿಚಿ, ಮಟ್ಟಗೋಲು ತರಲು ಓಡಿದ,
ಬೂಟಿನ ದಾರ ಕಟ್ಟದೆ.
ಕಂಬ ಮಟ್ಟವಾಗಿಯೇ ಇದ್ದವು. ಹಲಗೆ ಡೊಂಕು.

ಆ ರಾತ್ರಿ ಪುಸ್ತಕದಲ್ಲಿ ಇನ್ನೊಂದು ಬಾಬತ್ತು ಸೇರಿಸಿದೆ:
ನೆಲಕ್ಕೂ ಮನೆಗೂ ನಡುವೆ
ಎರಡು ಮೊಳ ಗಾಳಿ.
ಬೆಲೆ ಇಲ್ಲ.
ಅಲ್ಲಿ ಯಾರೂ, ಅತ್ತೆಯೂ,
ಸೌದೆ ಪೇರಿಸತಕ್ಕದ್ದಲ್ಲ.